‘ಲಾಂಚ್ ಇದೆ, ಬನ್ನಿ ಸಾರ್’ ಅಂದ ಮಾತ್ರಕ್ಕೆ ಅಡ್ವಾನ್ಸ್ ಹಾಕಬೇಡಿ

ಬೇಸಿಗೆ ರಜೆಗೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಹೋಮ್‌ಸ್ಟೇ ನೋಡ್ತಾ ಇರೋರು, ಅದರಲ್ಲೂ ಹಸಿರುಮಕ್ಕಿ ಕಡವಿನಲ್ಲಿ ಲಾಂಚಿಗೆ (ಜನ, ವಾಹನ ದಾಟಿಸುವ ದೊಡ್ಡ ದೋಣಿ) ಹಾಕಿ ಕಾರು ದಾಟಿಸುವ ಲೆಕ್ಕ ಹಾಕಿರೋರು, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ.

2024ರ ಏಪ್ರಿಲ್ ಕೊನೆ. ಅಮ್ಮನ ಹರಕೆ ತೀರಿಸೋಕೆ ಕೊಲ್ಲೂರಿಗೆ ಹೊರಟಿದ್ವಿ. ಸಾಗರದಿಂದ ಹಸಿರುಮಕ್ಕಿಗೆ ಬಂದು ಲಾಂಚ್ ದಾಟಿದರೆ ನಿಟ್ಟೂರು ಕಡೆ ಸೇರ್ತೀವಿ, ಅಲ್ಲಿಂದ ಕೊಲ್ಲೂರು ದೂರವಿಲ್ಲ. ರಾತ್ರಿ ಆಚೆ ದಡದಲ್ಲಿ ಉಳಿದು ಬೆಳಿಗ್ಗೆ ದರ್ಶನಕ್ಕೆ ಹೋಗೋಣ ಅಂತ ಒಂದು ಹೋಮ್‌ಸ್ಟೇಗೆ ಫೋನ್ ಮಾಡಿದೆ. ಹೆಸರು ಹಾಕೋದಿಲ್ಲ. ಮಾಲೀಕರು ಬಹಳ ಸಲೀಸಾಗಿ, ‘ಲಾಂಚ್ ಓಡ್ತಾ ಇದೆ ಸಾರ್, ಸಂಜೆ ಐದರೊಳಗೆ ಕಡವಿಗೆ ಬಂದುಬಿಡಿ’ ಅಂದರು. ರಜೆ ಸೀಸನ್, ಪೂರ್ತಿ ಹಣ ಹಾಕಿದರೇ ರೂಮು ಅಂದರು. ಎರಡು ರೂಮಿನ ಬಾಡಿಗೆ ಫೋನಿನಲ್ಲೇ ಹೋಯಿತು.

ಕಡವಿಗೆ ಬಂದು ನೋಡಿದರೆ ನೀರು ಎಲ್ಲೋ ಕೆಳಗೆ. ರಸ್ತೆ ಮುಗಿದ ಮೇಲೂ ಕೆಂಪು ಮಣ್ಣಿನ ಇಳಿಜಾರು, ಅದರಾಚೆ ಬಿರುಕು ಬಿಟ್ಟ ಕೆಸರು, ನಡುವೆ ಅಲ್ಲಲ್ಲಿ ಕಪ್ಪಗೆ ಎದ್ದು ನಿಂತ ಮರದ ಮೋಟುಗಳು. ವಾಹನ ಹಾಕೋದು ನಿಲ್ಲಿಸಿ ಎಷ್ಟೋ ದಿನ ಆಗಿತ್ತಂತೆ. ಜನರನ್ನು ಮಾತ್ರ, ಅದೂ ನೀರು ನೋಡಿಕೊಂಡು ದಾಟಿಸ್ತಿದ್ದರು. ಅಂದರೆ ಮಾಲೀಕರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಲಾಂಚ್ ಇತ್ತು, ಕಾರಿಗೆ ಇರಲಿಲ್ಲ. ನಾವು ಕಾರಲ್ಲಿ ಬರ್ತೀವಿ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಲಾಂಚ್ ಸಿಬ್ಬಂದಿಯ ಮೇಲೆ ನನ್ನ ತಕರಾರಿಲ್ಲ. ಈ ಹಿನ್ನೀರು ನಿಂತಿರೋದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದರ ನೀರು ಇರೋದು ಮೊದಲು ಕರೆಂಟಿಗೆ. ಮಳೆಗಾಲದಲ್ಲಿ ತುಂಬಿದ್ದನ್ನು ವರ್ಷವಿಡೀ ಬಿಡ್ತಾ ಬಂದು, ಮೇ–ಜೂನ್ ಹೊತ್ತಿಗೆ ತಳ ಕಾಣ್ತದೆ. 2023ರಲ್ಲಿ ಮಳೆಯೇ ಕೈಕೊಟ್ಟಿದ್ದರಿಂದ ಆ ಬೇಸಿಗೆ ಇನ್ನೂ ಬೇಗ ಇಳಿದಿತ್ತು. ನೀರು ಕಡಿಮೆಯಾದರೆ ಕಾರು ಹತ್ತಿಸುವ ಹಲಗೆ ಗಟ್ಟಿ ನೆಲಕ್ಕೆ ಎಟುಕೋದಿಲ್ಲ, ಭಾರ ಹೇರಿದ ಲಾಂಚ್ ಕೆಸರಿಗೆ ಕೂರ್ತದೆ, ಇಲ್ಲ ಮೋಟಿಗೆ ತಗುಲ್ತದೆ. 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬುಡಗಳು ಇವತ್ತಿಗೂ ನೀರಿನಡಿ ಹಾಗೇ ನಿಂತಿವೆ. ಪ್ರವಾಸಕ್ಕೆ ಬಂದ ನಮಗೆ ಇದು ಒಂದು ಸಂಜೆಯ ರಗಳೆ. ಆಸ್ಪತ್ರೆ, ಕಾಲೇಜು, ಕಚೇರಿ ಅಂತ ದಿನಾ ದಾಟುವ ಹಿನ್ನೀರಿನ ಊರಿನವರಿಗೆ ಪ್ರತಿ ಬೇಸಿಗೆಯೂ ಇದೇ ಪಾಡು.

ಮತ್ತೆ ಫೋನ್ ಮಾಡಿದೆ. ‘ಕಾರು ಅಲ್ಲೇ ಬಿಡಿ ಸಾರ್, ನಮ್ಮ ಹುಡುಗ ದೋಣಿ ತರ್ತಾನೆ, ತಲೆಗಿಷ್ಟು ಅಂತ ಕೊಟ್ಟುಬಿಡಿ’ ಅಂದರು. ಹುಡುಗ ಬಂದ. ಸಣ್ಣ ದೋಣಿ, ಲೈಫ್ ಜಾಕೆಟ್ ಒಂದೂ ಇಲ್ಲ, ಆಗಲೇ ಕತ್ತಲಾಗ್ತಿತ್ತು. ಅಮ್ಮ ದೋಣಿಯನ್ನೊಮ್ಮೆ ನೋಡಿ, ‘ತಾಯಿ ದರ್ಶನ ಈ ದಾರಿಯಲ್ಲಿ ಬೇಡ ಮಾರಾಯ’ ಅಂದುಬಿಟ್ಟರು. ಸಾಗರಕ್ಕೆ ವಾಪಸ್ ಬಂದು ಲಾಡ್ಜ್ ಹಿಡಿದು, ಮರುದಿನ ಹೊಸನಗರ, ನಗರದ ಮೇಲೆ ಸುತ್ತಿ ಕೊಲ್ಲೂರಿಗೆ ಹೋದ್ವಿ. ದುಡ್ಡು ಕೇಳಿದರೆ ‘ರೂಮು ನಿಮಗೇ ಅಂತ ಇಟ್ಟಿದ್ವಲ್ಲ, ಬರದೇ ಇದ್ದಿದ್ದು ನೀವು’ ಅನ್ನುವ ಉತ್ತರ. ಆಮೇಲೆ ಫೋನೇ ಎತ್ತಲಿಲ್ಲ.

ಇಷ್ಟು ದಿನ ಆದ ಮೇಲೆ ಯಾಕೆ ಬರೀತಿದೀನಿ ಅಂದರೆ, ಮೊನ್ನೆ ನಮ್ಮ ಭಾವನಿಗೂ ಇನ್ನೊಬ್ಬ ಮಾಲೀಕರಿಂದ ಇದೇ ಧಾಟಿಯ ಮಾತು ಬಂತು. 2025ರ ಜುಲೈ 14ಕ್ಕೆ ಇದೇ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಹೋಗೋರಿಗೆ ಲಾಂಚಿನ ಹಂಗಿಲ್ಲ. ಹಾಗಾಗಿ ‘ಲಾಂಚ್ ಅನುಭವ ಬೇಕಾ, ನಮ್ಮಲ್ಲಿಗೆ ಬನ್ನಿ’ ಅಂತ ಕರೆಯೋದು ಈಗ ವ್ಯಾಪಾರ ಆಗಿದೆ.

ಕೇಳುವಾಗ ‘ಲಾಂಚ್ ಇದೆಯಾ’ ಅಂತ ಕೇಳಬೇಡಿ. ‘ಇವತ್ತು ಕಾರು ಹಾಕ್ತಿದ್ದಾರಾ, ಕೊನೇ ಲಾಂಚ್ ಎಷ್ಟು ಹೊತ್ತಿಗೆ’ ಅಂತ ಕೇಳಿ. ಅದನ್ನೂ ರೂಮು ಮಾರೋರ ಹತ್ತಿರ ಅಲ್ಲ, ಆ ಕಡೆ ಪರಿಚಯದವರಿದ್ದರೆ ಅವರ ಹತ್ತಿರ. ಶಿವಮೊಗ್ಗದ ಪತ್ರಿಕೆಗಳಲ್ಲಿ ಜಲಾಶಯದ ಮಟ್ಟ ಬರ್ತದೆ. ಲಿಂಗನಮಕ್ಕಿಯ ಗರಿಷ್ಠ 1819 ಅಡಿ. ಅದಕ್ಕಿಂತ ತೀರಾ ಕೆಳಗಿದ್ದರೆ ಲಾಂಚ್ ನಂಬಿ ಹೊರಡೋದೇ ಬೇಡ. ಫೋನಿನ ಮ್ಯಾಪ್ ನೀರಿನ ಮೇಲೆ ಚುಕ್ಕೆ ಗೆರೆ ಎಳೆದು ದಾರಿ ತೋರಿಸ್ತದೆ, ಆ ಗೆರೆಗೆ ಬೇಸಿಗೆ ಮಳೆಗಾಲದ ಭೇದ ಗೊತ್ತಿಲ್ಲ.

ಅಡ್ವಾನ್ಸ್ ಕೊಡಲೇಬೇಕು ಅಂದರೆ ಸ್ವಲ್ಪ ಮಾತ್ರ ಕೊಡಿ. ‘ಕಾರು ದಾಟದಿದ್ದರೆ ಹಣ ವಾಪಸ್’ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬರೆಯೋಕೆ ಒಪ್ಪದಿದ್ದರೆ ಬೇರೆ ಜಾಗ ನೋಡಿ. ಬರೆದುಕೊಟ್ಟೂ ಕೈ ಎತ್ತಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಗ ತೋರಿಸೋಕೆ ಆ ಮೆಸೇಜೇ ಬೇಕು. ದೋಣಿ ಕಳಿಸ್ತೀವಿ ಅಂದರೆ ಮಾತ್ರ, ಎಷ್ಟೇ ಕಡಿಮೆಗೆ ಅಂದರೂ, ಹತ್ತಲೇಬೇಡಿ.