ಜೀನ್ಸ್ ಮಾಸ್ಟರ್ ಹೊಲಿದ ಬಾಯ್ಲರ್ ಸೂಟ್, ಹಡಗಿನ ಕೆಲಸಕ್ಕೆ ಆಗುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆಗೆ ಐದಕ್ಕೆ ಐದು, ರೇಡಿಯಂ ಪಟ್ಟಿಗೆ ಒಂದು, ಹೇಳಿದ ದಿನಕ್ಕೆ ಕೊಡುತ್ತಾರಾ ಅಂತ ಮಾತ್ರ ಕೇಳಲೇಬೇಡಿ.

ನಾನು ಅದಿರು, ಕಲ್ಲಿದ್ದಲು ಥರದ ಸರಕನ್ನು ರಾಶಿಯಾಗಿ ಸಾಗಿಸುವ ಬಲ್ಕ್ ಕ್ಯಾರಿಯರ್ ಹಡಗಿನಲ್ಲಿ ಇಂಜಿನ್ ರೂಮ್ ಫಿಟ್ಟರ್. ಬಳ್ಳಾರಿಯವನಿಗೆ ಎಲ್ಲಿಯ ಸಮುದ್ರ ಅಂತ ನಗಬೇಡಿ, ನಮ್ಮ ಸಂಡೂರಿನ ಅದಿರು ಚೀನಾದವರೆಗೆ ಹೋಗಿಲ್ವಾ? ಬಾಯ್ಲರ್ ಸೂಟ್ (ಅಂಗಿ-ಪ್ಯಾಂಟು ಸೇರಿಸಿ ಒಂದೇ ಆಗಿ ಹೊಲಿದ ಕೆಲಸದ ಉಡುಪು), ಶೂ, ಗ್ಲೌಸ್ ಎಲ್ಲ ಕಂಪನಿಯೇ ಕೊಡಬೇಕು. ಕೊಟ್ಟಿದ್ದು ಅಳತೆಗೆ ಸರಿಹೋಗಬೇಕು ಅನ್ನುವುದೂ ಈಗ ನಿಯಮ, ಹಡಗಿನ ಕಾರ್ಮಿಕರ ಅಂತರರಾಷ್ಟ್ರೀಯ ಎಂಎಲ್‌ಸಿ ಒಪ್ಪಂದಕ್ಕೆ ಆದ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಯಲ್ಲಿದೆ. ಆದರೆ ಸ್ಟೋರಿನಲ್ಲಿ ಕೈಗೆ ಸಿಗುವುದು ಬರೀ ಡಬಲ್ ಎಕ್ಸೆಲ್. ನನ್ನಂಥ ಕುಳ್ಳ ಹಾಕಿಕೊಂಡರೆ ತೋಳು ಬೆರಳು ದಾಟುತ್ತದೆ. ಲೋಹ ಕಡೆಯುವ ಲೇತ್ ಮೆಷಿನ್ ಮುಂದೆ ನಿಂತಾಗ ಆ ತೋಳೇ ಯಮ. ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ತುದಿ ಸಿಕ್ಕರೆ ಸಾಕು, ಕೈಯನ್ನೂ ಎಳೆದುಕೊಳ್ಳುತ್ತದೆ. ಮಡಚಿಕೊಂಡರೆ ಬಿಸಿ ಎಣ್ಣೆ ಸಿಡಿದು ಚರ್ಮ ಸುಡುತ್ತದೆ. ಅದಕ್ಕೇ ರಜೆಗೆ ಬಂದಾಗ ಇಲ್ಲೇ ಹೊಲಿಸಿದೆ.

ಅಂಗಡಿ ಬಳ್ಳಾರಿಯ ಕೌಲ್ ಬಜಾರಿನಲ್ಲಿದೆ. ಕೆಳಗೆ ಜೀನ್ಸ್ ಕಟಿಂಗ್, ಮೇಲೆ ಹೊಲಿಗೆ. ಹೆಸರು ಹಾಕುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ಬಟ್ಟೆಯಿಂದ ಶುರು ಮಾಡೋಣ. ನೂರಕ್ಕೆ ನೂರು ಕಾಟನ್ನೇ ಬೇಕು ಅಂದೆ. ಮಾಸ್ಟರ್ ಎರಡು ಥಾನು ತಂದು, ಒಂದೊಂದರ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿದರು. ಮೊದಲನೆಯದು ಕರಗಿ ಗಟ್ಟಿ ಕಪ್ಪು ಮಣಿಯಾಯಿತು. ಎರಡನೆಯದು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಯಿತು. ಆ ಮಣಿ ಮೈಗೆ ಅಂಟಿದರೆ ಚರ್ಮದ ಸಮೇತ ಬರುತ್ತದೆ, ಪಾಲಿಯೆಸ್ಟರ್ ಬೇಡ ಅನ್ನುವುದು ಅದಕ್ಕೇ. ಕಾಟನ್ ಅಂದರೆ ಬೆಂಕಿ ಹತ್ತಲ್ಲ ಅಂತಲ್ಲ, ವೆಲ್ಡಿಂಗ್‌ಗೆ ಲೆದರ್ ಏಪ್ರನ್ ಬೇರೆಯೇ ಬೇಕು. ಡೆನಿಮ್‌ನಲ್ಲೇ ಹೊಲಿದುಕೊಡ್ಲಾ ಅಂತಲೂ ಕೇಳಿದರು. ಇಂಜಿನ್ ರೂಮಿನಲ್ಲಿ ಬಳ್ಳಾರಿಯ ಮೇ ತಿಂಗಳು ವರ್ಷಪೂರ್ತಿ ಇರುತ್ತದೆ, ಡೆನಿಮ್ ಹಾಕಿಕೊಂಡರೆ ಬೆಂದೇ ಹೋಗುತ್ತೇನೆ.

ಜೀನ್ಸ್ ಹೊಲಿದ ಕೈ, ಅಭ್ಯಾಸ ಎಲ್ಲಿ ಬಿಡುತ್ತೆ? "ಅಣ್ಣಾ, ಕೆಳಗೆ ಸ್ವಲ್ಪ ನ್ಯಾರೋ ಮಾಡ್ಲಾ? ಲುಕ್ ಬರ್ತೈತೆ" ಅಂದರು. "ಬೇಡ ಮಾಸ್ಟ್ರೇ, ಶೂ ಮೇಲೆ ಇಳೀಬೇಕು, ಕಿಡಿ ಶೂ ಒಳಗೆ ಬಿದ್ರೆ ಕುಣೀಬೇಕಾಗ್ತದೆ" ಅಂದೆ. ಟ್ರಯಲ್‌ಗೆ ಹೋದರೆ ಜೇಬಿನ ಮೂಲೆಗೆಲ್ಲ ತಾಮ್ರದ ರಿವೆಟ್! ಕರೆಂಟ್ ಪ್ಯಾನಲ್ ಹತ್ತಿರ ಕೆಲಸ ಮಾಡುವವನ ಮೈ ಮೇಲೆ ಲೋಹ ಯಾಕೆ? ಎಲ್ಲ ಕಿತ್ತು, ಬದಲಿಗೆ ದಾರದಲ್ಲೇ ಗಟ್ಟಿ ಟಾಕಿ ಹಾಕಿಕೊಟ್ಟರು, ಮುಖ ಒಂಚೂರೂ ಸಿಂಡರಿಸಲಿಲ್ಲ. ಆಮೇಲೆ ಸೇಫ್ಟಿ ಶೂ ಹಾಕಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಎರಡೂ ಕೈ ಮೇಲೆತ್ತಿಸಿ, ಎಲ್ಲಿ ಹಿಡಿಯುತ್ತದೆ ಅಂತ ಸೀಮೆಸುಣ್ಣದಲ್ಲಿ ಗೀಟು ಹಾಕಿಕೊಂಡರು. ಇದನ್ನು ನಾನು ಹೇಳಿರಲಿಲ್ಲ. ಟ್ಯಾಂಕಿನ ಸಣ್ಣ ಬಾಯಿ, ಮ್ಯಾನ್‌ಹೋಲ್‌ನಲ್ಲಿ ನುಸುಳುವವರಿಗೆ ಇದರ ಬೆಲೆ ಗೊತ್ತು.

ಎದೆ ಮೇಲೆ, ಕಾಲರ್ ಹತ್ತಿರ, ಒಂದು ಲೂಪ್ ಹಾಕಿಸಿದೆ. ಪೆನ್ನಿಗಾ ಅಂದರು. ಅಲ್ಲ, ಗಾಳಿ ಅಳೆಯುವ ಗ್ಯಾಸ್ ಮೀಟರ್‌ಗೆ ಅಂದೆ. ಹಡಗಿನ ತೂಕ ಸರಿದೂಗಿಸಲು ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕ್ ಬಹಳ ದಿನ ಮುಚ್ಚಿಟ್ಟರೆ ಒಳಗಿನ ತುಕ್ಕೇ ಆಮ್ಲಜನಕ ತಿಂದುಹಾಕುತ್ತದೆ. ಕಲ್ಲಿದ್ದಲು ತುಂಬಿದ ಹೋಲ್ಡ್‌ನಲ್ಲೂ (ಸರಕಿನ ಕೋಣೆ) ಅದೇ ಕಥೆ. ಗಾಳಿಯಲ್ಲಿ 21 ಪರ್ಸೆಂಟ್ ಇರಬೇಕಾದ್ದು ಇಳಿದಿರುತ್ತದೆ, ಮೂಗಿಗೆ ಏನೂ ಗೊತ್ತಾಗುವುದಿಲ್ಲ, ಮನುಷ್ಯ ಸುಮ್ನೆ ಕುಸಿಯುತ್ತಾನೆ. ಎತ್ತಲು ಓಡಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಹೀಗೆ ಜೋಡಿ ಸಾವು ಆಗಿ ಆಗಿಯೇ 2015ರಿಂದ ಎರಡು ತಿಂಗಳಿಗೊಮ್ಮೆ ಇಂಥ ಮುಚ್ಚಿದ ಜಾಗಕ್ಕೆ ಇಳಿಯುವ, ಬಿದ್ದವರನ್ನು ಎತ್ತುವ ಡ್ರಿಲ್ ಕಡ್ಡಾಯ ಮಾಡಿದರು, 2016ರ ಜುಲೈಯಿಂದ ಗಾಳಿ ಅಳೆಯುವ ಮೀಟರ್ ಹಡಗಿನಲ್ಲಿ ಇರಲೇಬೇಕು ಅಂದರು. ಆ ಮೀಟರ್ ಸೊಂಟದಲ್ಲೋ ಜೇಬಿನಲ್ಲೋ ಇದ್ದರೆ ಏನು ಬಂತು, ಉಸಿರಾಡುವ ಜಾಗದಲ್ಲಿ ಇರಬೇಕಲ್ವಾ? ಮಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಲೂಪ್‌ಗೆ ಡಬಲ್ ಹೊಲಿಗೆ ಹಾಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಈಗ ಬೈಗುಳ. ತೋಳಿನ ರೇಡಿಯಂ ಪಟ್ಟಿ ಮನೆಯ ಮೊದಲ ಒಗೆತಕ್ಕೇ ಎದ್ದು ಬಂತು. ಹೊಲಿಯುವ ಬದಲು ಇಸ್ತ್ರಿ ಒತ್ತಿ ಅಂಟಿಸಿದ್ದರು. ರಾತ್ರಿ ಡೆಕ್ ಮೇಲೆ ಹಗ್ಗದ ಕೆಲಸ ನಡೆಯುವಾಗ ವಿಂಚ್ ಆಪರೇಟರ್‌ಗೆ ನಾವು ಕಾಣುವುದೇ ಆ ಪಟ್ಟಿಯಿಂದ, ಇಲ್ಲಿ ಉಳಿತಾಯ ಮಾಡಬಾರದಿತ್ತು. ಕೇಳಿದ್ದಕ್ಕೆ "ಗಾರ್ಮೆಂಟ್‌ನೋರೆಲ್ಲ ಹಿಂಗೇ ಮಾಡ್ತಾರೆ" ಅಂದರು. ಬೇರೆ ಪಟ್ಟಿ ನಾನೇ ತಂದುಕೊಟ್ಟು ಹೊಲಿಸಬೇಕಾಯಿತು. ಇನ್ನು ತಡ. ಜೀನ್ಸ್ ಆರ್ಡರ್ ಜಾಸ್ತಿ ಬಂದರೆ ನಮ್ಮಂಥ ಬಿಡಿ ಗಿರಾಕಿಯ ಬಟ್ಟೆ ಮೂಲೆಗೆ ಹೋಗುತ್ತದೆ. "ನಾಳೆ ಬನ್ನಿ" ಕೇಳಿ ಕೇಳಿ ಸಾಕಾಯಿತು, ಕೊನೆಗೆ ಟಿಕೆಟ್ ತೋರಿಸಿದ ಮೇಲೆ ಕೆಲಸ ಮುಗಿಯಿತು.

ಹೊಲಿಗೆ ಕೂಲಿ ಒಂದಕ್ಕೆ 650, ಬಟ್ಟೆ ದುಡ್ಡು ಬೇರೆ, ಅರ್ಧ ಮುಂಗಡ. ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿಗೆ ಹಾಕಿಸಿ, ಇಲ್ಲದಿದ್ದರೆ ಕಾಟನ್ ಕುಗ್ಗಿ ತೋಳು ಮೊಣಕೈಗೆ ಬರುತ್ತದೆ. ಹಡಗು ಹತ್ತುವ ಒಂದು ತಿಂಗಳ ಮೊದಲೇ ಕೊಡಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ.