ಸ್ಟ್ರಿಪ್‌ನಲ್ಲಿ ಕ್ಲೋರಿನ್ ಸರಿಯಿದೆ ಎಂದು ಹಾಟ್ ಟಬ್‌ಗೆ ಇಳಿದೆವು, ಮೈತುಂಬ ಗುಳ್ಳೆ

ಹಾಟ್ ಟಬ್‌ಗೆ ಪುಡಿ ಕ್ಲೋರಿನ್ ಹಾಕುವವರು ದಯವಿಟ್ಟು ಇದನ್ನು ಓದಿ. ನಮಗಾದದ್ದು ನಿಮಗೆ ಆಗಬಾರದು.

ಒಂದು ಸಂಜೆ ನಾನೂ ಮಗಳೂ ಅರ್ಧ ಗಂಟೆ ಟಬ್‌ನಲ್ಲಿ ಕೂತಿದ್ದೆವು. ಇಳಿಯುವ ಮುಂಚೆ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿದ್ದೆ. ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ಪಿಎಚ್ 7.4. ನೀರು ತಿಳಿಯಾಗಿತ್ತು, ಕೆಟ್ಟ ವಾಸನೆಯೂ ಇರಲಿಲ್ಲ. ಎರಡನೇ ದಿನ ಮಗಳು ಸೊಂಟ ಕೆರೆದುಕೊಳ್ಳುತ್ತಾ ಬಂದಳು. ಸ್ವಿಮ್ ಸೂಟ್ ಮುಚ್ಚಿದ್ದ ಕಡೆಯೆಲ್ಲ ಕೆಂಪು ಗುಳ್ಳೆ. ಹತ್ತಿರದಿಂದ ನೋಡಿದರೆ ಒಂದೊಂದು ಗುಳ್ಳೆಯ ನಡುವೆಯೂ ಒಂದು ಕೂದಲು, ಕೆಲವಕ್ಕೆ ತುದಿಯಲ್ಲಿ ಕೀವು. ಸಂಜೆ ಹೊತ್ತಿಗೆ ನನ್ನ ತೊಡೆಯ ಮೇಲೂ ಎದ್ದವು.

ಡಾಕ್ಟರು ನೋಡಿದ ತಕ್ಷಣ, "ಹಾಟ್ ಟಬ್‌ಗೆ ಇಳಿದಿದ್ರಾ?" ಎಂದು ಕೇಳಿದರು. ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಕೂದಲಿನ ಬುಡಕ್ಕೆ ಹೊಕ್ಕರೆ ಹೀಗಾಗುತ್ತದಂತೆ. ಗುಳ್ಳೆ ಒಂದು ವಾರದಲ್ಲಿ ಹೋದವು. ಆದರೆ ಕ್ಲೋರಿನ್ ಸರಿಯಾಗೇ ಇತ್ತಲ್ಲ, ಅದೊಂದು ನನ್ನ ತಲೆ ತಿನ್ನುತ್ತಲೇ ಇತ್ತು.

ಕೊನೆಗೆ ಸ್ಟೆಬಿಲೈಸರ್, ಅಂದರೆ ಕ್ಲೋರಿನ್ ಬೇಗ ಹಾಳಾಗದಂತೆ ತಡೆಯುವ ಸಯನ್ಯೂರಿಕ್ ಆಸಿಡ್ ಅಳೆಯುವ ಕಿಟ್ ತಂದೆ. ಒಂದು ಪುಟ್ಟ ಟ್ಯೂಬ್, ತಳದಲ್ಲಿ ಕಪ್ಪು ಚುಕ್ಕಿ. ಟಬ್ ನೀರಿಗೆ ಕಿಟ್‌ನ ದ್ರಾವಣ ಬೆರೆಸಿದರೆ ಹಾಲು ಬಿದ್ದ ಹಾಗೆ ಮಬ್ಬಾಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಟ್ಯೂಬ್‌ಗೆ ಸುರಿಯುತ್ತಾ ಮೇಲಿನಿಂದ ನೋಡಬೇಕು. ಚುಕ್ಕಿ ಕಾಣದಾದಾಗ ನೀರು ಯಾವ ಗೆರೆಗಿದೆಯೋ ಅದೇ ಸ್ಟೆಬಿಲೈಸರ್ ಮಟ್ಟ. ಗೆರೆಗಳು ತಲೆಕೆಳಗು: ಎಲ್ಲಕ್ಕಿಂತ ಕೆಳಗಿನದು 100, ಮೇಲೆ ಹೋದಂತೆ ಕಡಿಮೆ. ನಮ್ಮದು 100ರ ಗೆರೆ ಮುಟ್ಟುವ ಮೊದಲೇ ಚುಕ್ಕಿ ಮಾಯ! ಟಬ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ಅಳೆದೆ, 80 ಬಂತು. ಅಂದರೆ ನಿಜವಾದ ಮಟ್ಟ 160.

ಕಾರಣ ಆ ಪುಡಿಯೇ. ಟಬ್ ಮಾರಿದವರು "ಇದೊಂದೇ ಸಾಕು" ಎಂದು ಕೊಟ್ಟದ್ದು ಡೈಕ್ಲೋರ್. ಅದು 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ 9 ಪಿಪಿಎಂ ಸ್ಟೆಬಿಲೈಸರ್ ಕೂಡ ಬಿಡುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ನೀರಲ್ಲೇ ಉಳಿಯುತ್ತದೆ. ನಾನು ವಾರಕ್ಕೆ ಮೂರು ಸಲ, ಪ್ರತಿ ಸಲ 5 ಪಿಪಿಎಂ ಆಗುವಷ್ಟು ಹಾಕುತ್ತಿದ್ದೆ. ಹನ್ನೆರಡು ವಾರಕ್ಕೆ ಲೆಕ್ಕ ಹೆಚ್ಚುಕಡಿಮೆ ಆ 160ಕ್ಕೇ ಬರುತ್ತದೆ. ಇದನ್ನು ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಸ್ಟೆಬಿಲೈಸರ್ ಕ್ಲೋರಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೆ ತೆರೆದ ಈಜುಕೊಳದಲ್ಲಿ ಅದು ಬೇಕು, ಇಲ್ಲದಿದ್ದರೆ ಕ್ಲೋರಿನ್ ಬೇಗ ಹಾಳಾಗುತ್ತದೆ. ಮುಚ್ಚಳ ಹಾಕಿಟ್ಟ ಟಬ್‌ಗೆ ಅಷ್ಟೊಂದು ಯಾಕೆ? ಸ್ಟ್ರಿಪ್ ಹಿಡಿದಿಟ್ಟ ಕ್ಲೋರಿನ್ನನ್ನೂ ಸೇರಿಸಿಯೇ ತೋರಿಸುತ್ತದೆ. ನನ್ನ 3 ಪಿಪಿಎಂನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು ಇದ್ದದ್ದು ತೀರಾ ಕಮ್ಮಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯಂತೂ ಹಾಟ್ ಟಬ್‌ಗೆ ಸ್ಟೆಬಿಲೈಸರ್ ಇರುವ ಕ್ಲೋರಿನ್ ಬೇಡ ಎಂದೇ ಹೇಳುತ್ತದೆ.

ಸ್ಟೆಬಿಲೈಸರ್ ಮಟ್ಟ ಇಳಿಯಬೇಕಾದರೆ ನೀರು ಬದಲಿಸುವುದೇ ದಾರಿ. ಚೆಲ್ಲುವ ಮೊದಲು ಪೈಪ್ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿದೆ. ಕಂದು ಬಣ್ಣದ ಲೋಳೆ ಚೂರು ಚೂರಾಗಿ ತೇಲಿ ಬಂತು. ಅದರೊಳಗೇ ನಾವು ಕೂತಿದ್ದೆವು. ಫಿಲ್ಟರನ್ನೂ ಬದಲಿಸಿದೆ.

ಈಗ ಹೊಸ ನೀರಿಗೆ ಸ್ಟೆಬಿಲೈಸರ್ ಇಲ್ಲದ, ಸುವಾಸನೆ ಬೆರೆಸದ ಲಿಕ್ವಿಡ್ ಕ್ಲೋರಿನ್ ಮಾತ್ರ. ಸ್ಟೆಬಿಲೈಸರ್ ಇಲ್ಲದ ಕಾರಣ ಇದು ಬೇಗ ಖರ್ಚಾಗುತ್ತದೆ, ಅದಕ್ಕೆ ದಿನಾ ಅಳೆಯುತ್ತೇನೆ. ನೀವೂ ಹೀಗೆ ಬದಲಿಸುವುದಾದರೆ ಹಳೆ ಪುಡಿಯ ಚಮಚ, ಡಬ್ಬಿ ಯಾವುದೂ ಹೊಸದಕ್ಕೆ ತಾಗದಂತೆ ನೋಡಿಕೊಳ್ಳಿ. ಬೇರೆ ಬೇರೆ ಬಗೆಯ ಕ್ಲೋರಿನ್ ನೇರವಾಗಿ ಬೆರೆತರೆ ವಿಷದ ಗಾಳಿ ಏಳಬಹುದು, ಬೆಂಕಿಯೂ ಹತ್ತಬಹುದು.