ಸಿಯಾಟಲ್ ಕಡೆ ಹಳೇ ಸ್ಕ್ಯಾನರ್ ಕೊಳ್ಳುವ ಮುಂಚೆ ಇದನ್ನು ಓದಿ

2024ರ ನವೆಂಬರ್ ಬಿರುಗಾಳಿ ನೆನಪಿದೆ ಅಲ್ವಾ? ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಎಲ್ಲಿ ಮರ ಬಿದ್ದಿದೆ, ಯಾವ ರಸ್ತೆ ಮುಚ್ಚಿದೆ, ಏನೂ ಗೊತ್ತಾಗುತ್ತಿರಲಿಲ್ಲ. ಇನ್ನೊಮ್ಮೆ ಹೀಗಾಗಬಾರದು ಅಂತ, ಫೈರ್‌ನವರು (ಅಗ್ನಿಶಾಮಕ ದಳ) ರೇಡಿಯೋದಲ್ಲಿ ಆಡುವ ಮಾತು ಕೇಳಲು ಒಂದು ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಕೊಂಡೆ. ಸ್ಕ್ಯಾನರ್ ಅಂದರೆ ಇಂಥ ಮಾತನ್ನು ಹುಡುಕಿ ಕೇಳಿಸುವ ರೇಡಿಯೋ. 90 ಡಾಲರ್. "ಟ್ರಂಕಿಂಗ್ ಬರುತ್ತಾ?" ಎಂದು ಕೇಳಿದ್ದೆ. ಮಾರುವವರು "ಬರುತ್ತೆ" ಅಂದರು. ಅವರು ಹೇಳಿದ್ದು ನಿಜವೇ. ಆದರೆ ಅಷ್ಟು ಕೇಳಿದರೆ ಸಾಲದು.

ಟ್ರಂಕಿಂಗ್ ಅಂದರೆ ನಮ್ಮೂರ ರೈಲ್ವೆ ಸ್ಟೇಷನ್ನಿನ ಪ್ರೀಪೇಯ್ಡ್ ಆಟೋ ಕೌಂಟರ್ ಇದ್ದ ಹಾಗೆ. ಯಾರಿಗೂ ಸ್ವಂತ ಆಟೋ ಇಲ್ಲ. ಕೌಂಟರಿನಲ್ಲಿ ಕೇಳಬೇಕು, ಖಾಲಿ ಇರುವ ಆಟೋ ನಂಬರ್ ಕೊಡುತ್ತಾರೆ. ಇಲ್ಲಿ ಆಟೋ ಅಂದರೆ ಫ್ರೀಕ್ವೆನ್ಸಿ, ಕೌಂಟರ್ ಅಂದರೆ ಕಂಟ್ರೋಲ್ ಚಾನೆಲ್. ಫೈರ್‌ನವರು ಬಟನ್ ಒತ್ತಿದ ತಕ್ಷಣ ಅವರ ಟಾಕ್‌ಗ್ರೂಪ್‌ಗೆ, ಅಂದರೆ ಒಟ್ಟಿಗೆ ಮಾತಾಡುವ ಗುಂಪಿಗೆ, ಒಂದು ಫ್ರೀಕ್ವೆನ್ಸಿ ಸಿಗುತ್ತದೆ. ಆ ಗುಂಪಿನ ರೇಡಿಯೋಗಳೆಲ್ಲ ಅಲ್ಲಿಗೆ ಹೋಗುತ್ತವೆ. ಮಾತು ಮುಗಿದರೆ ಅದು ಬೇರೆಯವರಿಗೆ. ಸ್ಕ್ಯಾನರ್ ಮಾಡುವುದಿಷ್ಟೇ: ಕೌಂಟರಿನ ಮಾತು ಕೇಳಿಸಿಕೊಂಡು ಹಿಂದೆಯೇ ಓಡುವುದು.

ಅದಕ್ಕೆ ಕೌಂಟರಿನ ಭಾಷೆ ಬರಬೇಕು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಈಗಿರುವುದು ಪಿಸರ್ನ್ ಅನ್ನುವ ತುರ್ತು ಸೇವೆಗಳ ರೇಡಿಯೋ ಜಾಲ. 2015ರಲ್ಲಿ ಜನ ವೋಟು ಹಾಕಿ ಇದಕ್ಕೆ ತೆರಿಗೆ ಒಪ್ಪಿದರು. ಇದು ಪಿ25 ಅನ್ನುವ ಡಿಜಿಟಲ್ ಪದ್ಧತಿಯದು. ನನ್ನ ಸ್ಕ್ಯಾನರ್‌ಗೆ ಹಳೇ ಅನಲಾಗ್ ಟ್ರಂಕಿಂಗ್ ಮಾತ್ರ ಗೊತ್ತು. ಗರ್ರ್ ಅನ್ನುವ ಒಂದೇ ಸದ್ದು ಬಂತು.

ಆಮೇಲೆ 250 ಡಾಲರ್ ಕೊಟ್ಟು ಡಿಜಿಟಲ್ ತಂದೆ. ಟಾಕ್‌ಗ್ರೂಪ್ ನಂಬರ್‌ಗಳು ಚೆನ್ನಾಗಿ ಕಾಣಿಸಿದವು, ಮಾತು ಮಾತ್ರ ಇಲ್ಲ. ಅದು ಪಿ25ರ ಮೊದಲ ಹಂತದ, ಅಂದರೆ ಫೇಸ್ 1 ಸ್ಕ್ಯಾನರ್. ಪಿಸರ್ನ್ ಇರುವುದು ಫೇಸ್ 2. ಫೇಸ್ 2ರಲ್ಲಿ ಒಂದೇ ಫ್ರೀಕ್ವೆನ್ಸಿಯನ್ನು ಎರಡು ಸಂಭಾಷಣೆಗಳು ಸರದಿಯಲ್ಲಿ ಹಂಚಿಕೊಳ್ಳುತ್ತವೆ. ಕಂಟ್ರೋಲ್ ಚಾನೆಲ್ ಮಾತ್ರ ಹಳೇ ರೀತಿಯೇ. ಅದಕ್ಕೇ ನಂಬರ್ ಕಾಣುತ್ತದೆ, ಧ್ವನಿ ಬರುವುದಿಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಫೇಸ್ 2 ಇರುವುದನ್ನು ಬದಲಿಸಿ ತಂದೆ. ನನ್ನನ್ನು ಜಾಸ್ತಿ ಗೋಳಾಡಿಸಿದ್ದು ಆಮೇಲಿನದು. ಸಿಗ್ನಲ್ ಫುಲ್ ಇದೆ, ಮಾತು ತುಂಡು ತುಂಡು. ಆಂಟೆನಾ ಸಾಲದೇನೋ ಅಂತ ದೊಡ್ಡದು ಹಾಕಿದೆ. ಇನ್ನೂ ಕೆಟ್ಟಿತು. ಕಾರಣ ಸೈಮಲ್‌ಕಾಸ್ಟ್. ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಸಮಯಕ್ಕೆ, ಒಂದೇ ಮಾತನ್ನು ಕಳಿಸುತ್ತವೆ. ಟವರ್‌ಗಳ ದೂರ ಬೇರೆ ಬೇರೆ, ಹಾಗಾಗಿ ಸಿಗ್ನಲ್ ಕೂದಲೆಳೆಯಷ್ಟು ಹಿಂದೆ ಮುಂದೆ ಬರುತ್ತದೆ. ಜಾತ್ರೆಯಲ್ಲಿ ಎರಡು ಕಂಬದ ಮೈಕ್‌ಗಳ ನಡುವೆ ನಿಂತರೆ ಮಾತು ಕಲಸಿಹೋಗುತ್ತದಲ್ಲ, ಹಾಗೆ. ದೊಡ್ಡ ಆಂಟೆನಾ ಇನ್ನಷ್ಟು ಟವರ್‌ಗಳನ್ನು ಎಳೆದು ತಂದಿತ್ತು. ಚಿಕ್ಕ ಆಂಟೆನಾ ಹಾಕಿ, ಜಾಗ ಬದಲಿಸಿ ನೋಡಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ.

ಕೊನೆಗೆ ಗೆಳೆಯರೊಬ್ಬರು ಯೂನಿಡೆನ್ ಎಸ್‌ಡಿಎಸ್100 ತಂದು ಅದೇ ಕಿಟಕಿಯಲ್ಲಿಟ್ಟರು. ಪ್ರತಿ ಪದವೂ ಸ್ಪಷ್ಟ! 2018ರಲ್ಲಿ ಬಂದ ಈ ಸ್ಕ್ಯಾನರ್‌ನ ರಿಸೀವರ್ ಸೈಮಲ್‌ಕಾಸ್ಟ್‌ಗೆಂದೇ ಮಾಡಿದ್ದು. ಬೆಲೆ ಸುಮಾರು 700 ಡಾಲರ್, ಕಡಿಮೆಯೇನಲ್ಲ. ಆದರೆ ನಾನು ಬಿಡಿಬಿಡಿಯಾಗಿ ಸುರಿದ ದುಡ್ಡು ಅದರ ಹತ್ತಿರಕ್ಕೇ ಬಂದಿತ್ತು.

ದಯವಿಟ್ಟು ನಿಮ್ಮ ಕೌಂಟಿಯ ವ್ಯವಸ್ಥೆ ಯಾವುದು, ಫೇಸ್ 1 ಅಥವಾ 2, ಸೈಮಲ್‌ಕಾಸ್ಟ್ ಇದೆಯಾ ಅಂತ ತಿಳಿದುಕೊಂಡೇ ಅಂಗಡಿಗೆ ಹೋಗಿ. ನಿಮಗೆ ಬೇಕಾದ ಗುಂಪಿನ ಮಾತು ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಹೊರಗಿನವರಿಗೆ ತಿಳಿಯದಂತೆ ಗೂಢವಾಗಿಸಿದ್ದರೆ, ಸುಮ್ನೆ ಬಿಟ್ಟುಬಿಡಿ, ಯಾವ ಸ್ಕ್ಯಾನರ್ ತಂದರೂ ಕೇಳಿಸುವುದಿಲ್ಲ. ಊರಿಗೆ ಹೋಗುವಾಗ ಅಪ್ಪನಿಗೆ ತೋರಿಸೋಣ ಅಂತ ಸೂಟ್‌ಕೇಸಿಗೆ ಹಾಕಲೂ ಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇಂಥ ಸೆಟ್ ಇಟ್ಟುಕೊಳ್ಳುವಂತಿಲ್ಲ.